ಏಳನೇ ಬೋರಿನ ಜೇಡಿಮಣ್ಣು

ಗುಡೇಕೋಟೆಯ ಅಂಜಿನಕ್ಕನಿಗೆ ಕಲ್ಲು ತೊಳೆಯುವ ಕೆಲಸ ಬಂದದ್ದು ಗಂಡನ ಕಡೆಯಿಂದ. ಗಂಡ ಪಾಲಾಕ್ಷಪ್ಪ ಗ್ರಾನೈಟ್ ಕ್ವಾರಿಗಳಲ್ಲಿ ಕೋರ್ ಮಿಷನ್ ಓಡಿಸುತ್ತಿದ್ದ. ಗುಡ್ಡ ಒಡೆಯುವ ಮೊದಲು ಒಳಗೆ ಕಲ್ಲು ಹೇಗಿದೆ ಎಂದು ತಿಳಿಯಬೇಕಲ್ಲ, ಅದಕ್ಕೆ ಈ ಮಿಷನ್ನು. ಬೋರ್‌ವೆಲ್ ಲಾರಿಯಂತೆ ಕಲ್ಲನ್ನು ಪುಡಿ ಮಾಡಿ ಹೊರಗೆ ಊದುವುದಿಲ್ಲ ಇದು. ತುದಿಗೆ ವಜ್ರದ ಹರಳು ಕೂಡಿಸಿದ ಟೊಳ್ಳು ಕೊಳವೆ ತಿರುಗುತ್ತ ತಿರುಗುತ್ತ ಬಂಡೆಯೊಳಕ್ಕೆ ಇಳಿಯುತ್ತದೆ. ಮೇಲೆತ್ತಿ ನೋಡಿದರೆ ಕೊಳವೆಯೊಳಗೆ ಲಟ್ಟಣಿಗೆಯ ಹಾಗೆ ದುಂಡನೆಯ ಕಲ್ಲು ಕೂತಿರುತ್ತದೆ. ಅದೇ ಕೋರು. ಆ ತುಂಡುಗಳನ್ನು ಬಂದ ಬಂದ ಹಾಗೆ ಉದ್ದನೆಯ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟರೆ, ಗುಡ್ಡವನ್ನೇ ಸೀಳಿ ಹೊಟ್ಟೆಯೊಳಗೆ ನೋಡಿದ ಹಾಗೆ.

ಜೋಡಿಸುವುದು ಅಂಜಿನಕ್ಕನ ಪಾಲಿಗೆ ಬಂತು. ಕ್ವಾರಿಗೆ ಕಲ್ಲು ಕೊಳ್ಳುವವರು ಬರುವ ದಿನ ಪೆಟ್ಟಿಗೆ ಹೊಸ ಮದುವಣಗಿತ್ತಿಯ ಹಾಗಿರಬೇಕು ಎನ್ನುವುದು ಅಲ್ಲಿನ ರೂಢಿ. ತೆಂಗಿನ ನಾರು ಹಿಡಿದು ಒಂದೊಂದು ತುಂಡನ್ನೂ ಉಜ್ಜಿ ತೊಳೆಯುವಳು. ನಡುವೆ ಸಿಕ್ಕ ಗರಸು, ಮಣ್ಣು ಎಲ್ಲ ಆಚೆಗೆ ಹೋಗುತ್ತಿತ್ತು. ಮಣ್ಣನ್ನು ಯಾರು ಕೊಳ್ಳುತ್ತಾರೆ? ತುಂಡಿಗೆ ತುಂಡು ಒತ್ತಿ ಕೂಡಿಸಿ, ಬಾಯಿ ಬಿಟ್ಟ ಸಂದು ಕಾಣದ ಹಾಗೆ ಮಾಡುವಳು. ಎಲ್ಲಾದರೂ ಚೂರು ಕಡಿಮೆ ಬಿದ್ದರೆ ಅದೇ ಬಣ್ಣದ, ಅದೇ ಕಾಳಿನ ಇನ್ನೊಂದು ತುಂಡು ಹುಡುಕಿ ತಂದು ಇಡುವಳು. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಶಾಲೆಯ ಮುಖ ಎರಡು ವರ್ಷ ನೋಡಿದ್ದಳು, ಅಷ್ಟೆ. ಆದರೆ ಒಮ್ಮೆ ಕೈಯಲ್ಲಿ ಹಿಡಿದ ಕಲ್ಲನ್ನು ಹತ್ತು ವರ್ಷದ ಮೇಲೆ ಕೊಟ್ಟರೂ, ಇದು ಇಂಥ ಕ್ವಾರಿಯದು, ಇಂಥ ಪೆಟ್ಟಿಗೆಯ ಇಷ್ಟನೇ ಸಾಲಿನದು ಎಂದು ಹೇಳಿಬಿಡುವಳು. ಪಾಲಾಕ್ಷಪ್ಪನಿಗೂ ಒಂದು ಹೆಮ್ಮೆ ಇತ್ತು. ಅವನು ಇಳಿಸಿದ ಬೋರಿನಲ್ಲಿ ಕಲ್ಲು ಕಡಿಮೆ ಬಂತು ಎಂದು ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ಅಂದಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಪಾಲಾಕ್ಷಪ್ಪನನ್ನೂ ಅವನ ಜೊತೆ ಕೆಲಸ ಮಾಡುವ ಗುಂಪನ್ನೂ ಪಡುವಣ ಸಮುದ್ರದ ದಂಡೆಗೆ ಕರೆದೊಯ್ದ. ಅಲ್ಲಿ ನೆಲಕ್ಕೂ ಎದುರಿನ ದ್ವೀಪಕ್ಕೂ ನಡುವೆ ಸಮುದ್ರದ ಒಂದು ತೋಳು. ಅದರ ಕೆಳಗೆ ಸುರಂಗ ಕೊರೆದು ರಸ್ತೆ ಮಾಡುತ್ತಾರಂತೆ. ಇದನ್ನು ಕೇಳಿ ಅಂಜಿನಕ್ಕ ದಂಡೆಯ ಮೇಲೇ ಕೂತುಬಿಟ್ಟಳು. ಅವಳ ಲೆಕ್ಕದಲ್ಲಿ ಸಮುದ್ರಕ್ಕೆ ತಳವೇ ಇರಲಿಲ್ಲ. ನೀರು, ಅದರ ಕೆಳಗೆ ನೀರು, ಅದರ ಕೆಳಗೂ ನೀರು. ತಳ ಇದೆ, ತಳದ ಕೆಳಗೆ ನಮ್ಮ ಗುಡ್ಡದಂಥದೇ ಕಲ್ಲಿದೆ ಎಂದು ಗಂಡ ಎಷ್ಟು ಹೇಳಿದರೂ ನಂಬಲಿಲ್ಲ. ತೇಲುವ ಕಟ್ಟೆಯ ಮೇಲೆ ಮಿಷನ್ ನಿಲ್ಲಿಸಿ ಮೊದಲ ಕೋರು ತೆಗೆದು ದಂಡೆಗೆ ತಂದಾಗ, ಯಾರೂ ನೋಡದ ಹಾಗೆ ಒಂದು ತುಂಡನ್ನು ಸುತ್ತಿಗೆಯಿಂದ ಒಡೆದಳು. ಒಳಗೆ ಹಿಟ್ಟಿನ ಹಾಗೆ ಒಣಗಿತ್ತು. ನಾಲಗೆಗೆ ಹಚ್ಚಿ ನೋಡಿದಳು, ಉಪ್ಪೂ ಇರಲಿಲ್ಲ. ಅಷ್ಟು ನೀರನ್ನು ತಲೆಯ ಮೇಲೆ ಹೊತ್ತುಕೊಂಡು ಈ ಕಲ್ಲು ಒಣಗಿ ಕೂತಿದೆಯಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಕೆಲಸ ಶುರುವಾದಾಗ ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿ ಎರಡು ಮಾತು ಹೇಳಿದ್ದ. ಮಣ್ಣು ಬಂದರೂ ತೊಳೆಯದೆ ಹಾಗೇ ಪೆಟ್ಟಿಗೆಯಲ್ಲಿಡಬೇಕು. ಏನೂ ಬಾರದಿದ್ದರೆ ಅಷ್ಟು ಉದ್ದದ ಮರದ ತುಂಡು ಇಡಬೇಕು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ಆದರೆ ಇದು ಕೆಲಸ ಬಾರದವರಿಗೆ ಹೇಳಿದ್ದು, ಕಲ್ಲು ತೆಗೆಯಲು ಬಾರದವನು ಮರ ಇಡಲಿ ಎಂದುಕೊಂಡರು. ಕ್ವಾರಿಯಲ್ಲೂ ಸೂಪರ್‌ವೈಸರ್‌ಗಳು ಹತ್ತು ಹೇಳುತ್ತಿದ್ದರು, ಕೊಳ್ಳುವವರು ಬಂದ ದಿನ ತೊಳೆದ ಪೆಟ್ಟಿಗೆಯ ಮುಂದೇ ನಿಲ್ಲುತ್ತಿದ್ದರು.

ಏಳನೇ ಬೋರು ಸಮುದ್ರದ ನಟ್ಟನಡುವೆ ಬಿತ್ತು. ನಲವತ್ತು ಮೀಟರಿನ ತನಕ ಒಳ್ಳೆಯ ಕಲ್ಲು. ಆಮೇಲೆ ಮಿಷನ್ನು ಬೆಣ್ಣೆಯಲ್ಲಿ ಇಳಿದ ಹಾಗೆ ಸರ್ರನೆ ಇಳಿಯಿತು. ಮೇಲೆತ್ತಿದರೆ ಕೊಳವೆಯಲ್ಲಿ ಕಲ್ಲಿಲ್ಲ. ಒಂದೂವರೆ ಮೀಟರು ಬರೀ ಬೂದು ಬಣ್ಣದ ಜೇಡಿ, ಅದರಲ್ಲಿ ಹುರಿಗಡಲೆಯಷ್ಟು ದಪ್ಪದ ಕಲ್ಲಿನ ಚೂರು. ಗುಂಪಿನಲ್ಲಿದ್ದ ಹಡಗಲಿ ಕಡೆಯ ಮೈಲಾರೇಶನಿಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು.

"ಏನಣ್ಣ, ಸಮುದ್ರದಾಗ ಹಿಟ್ಟಿನ ಗಿರಣಿ ಹಾಕೀಯೇನು?" ಎಂದ.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಪಾಲಾಕ್ಷಪ್ಪನ ಮುಖ ಸಣ್ಣದಾಯಿತು. ಅವಸರಪಟ್ಟು ಜೋರಾಗಿ ಒತ್ತಿ, ಒಳ್ಳೆಯ ಕಲ್ಲನ್ನು ತಾನೇ ಅರೆದು ಹಾಳು ಮಾಡಿದೆ ಎಂದೇ ಅವನು ತಿಳಿದ. ದಂಡೆಗೆ ಬಂದವನು ಆ ಜೇಡಿಯನ್ನು ಹೆಂಡತಿಯ ಮುಂದೆ ಸುರಿದು, "ಲೇ, ಇದನ್ನ ಸಾಫ್ ಮಾಡು. ಪೆಟ್ಟಿಗಿ ಹರಕು ಕಾಣಬಾರದು" ಎಂದಷ್ಟೇ ಹೇಳಿ ಹೋದ.

ಅವಳು ಮಾಡಿದಳು. ಮೂರು ಕೊಡ ನೀರಿನಲ್ಲಿ ಜೇಡಿ ಹರಿದು ದಂಡೆಯ ಮರಳಿಗೆ ಸೇರಿತು. ಉಳಿದ ಸಂದಿಗೆ, ಕಟ್ಟೆ ಸರಿಯಿತೆಂದು ಅರ್ಧಕ್ಕೇ ಬಿಟ್ಟಿದ್ದ ಹಳೆಯ ಬೋರಿನ ರಾಶಿಯಿಂದ ತುಂಡು ಹೆಕ್ಕಿದಳು. ಬಳೆ ಅಂಗಡಿಯಲ್ಲಿ ಜೋಡಿ ಆರಿಸುವ ಹಾಗೆ ಬಣ್ಣಕ್ಕೆ ಬಣ್ಣ, ಕಾಳಿಗೆ ಕಾಳು ನೋಡಿ ಆರಿಸಿದಳು. ತುದಿಗಳು ಒಂದಕ್ಕೊಂದು ಕಚ್ಚಿಕೊಂಡು ಕೂತವು. ಮಾರನೆಯ ದಿನ ಫೋಟೋ ತೆಗೆಯಲು ಬಂದವರು, ಇಷ್ಟು ಬೋರಿನಲ್ಲಿ ಇದೇ ಚೆನ್ನಾಗಿದೆ ಎಂದು ಮೆಚ್ಚಿದರು. ಎಂಟರಿಂದ ಮುಂದಿನ ಬೋರುಗಳನ್ನು ಬೇರೆ ಕಡೆಯ ಗುಂಪು ಹಾಕಿತು. ಅವರ ಪೆಟ್ಟಿಗೆಗಳಲ್ಲಿ ಮಣ್ಣು ಮಣ್ಣಾಗಿಯೇ ಇತ್ತು, ನಡುನಡುವೆ ಮರದ ತುಂಡು. ಅದನ್ನು ನೋಡಿ ಅಂಜಿನಕ್ಕ ಸೆರಗು ಬಾಯಿಗಿಟ್ಟು ನಕ್ಕಿದ್ದಳು.

ಇದಾಗಿ ಎರಡು ವರ್ಷಕ್ಕೆ ಸುರಂಗ ಕೊರೆಯುವುದು ಶುರುವಾಯಿತು. ಪಾಲಾಕ್ಷಪ್ಪನಿಗೆ ಸುರಂಗದ ತುದಿಯಲ್ಲೇ, ಬಂಡೆ ಸಿಡಿಸುವ ಮದ್ದು ತುಂಬಲು ತೂತು ಹಾಕುವ ಮಿಷನ್ ಮೇಲೆ ಕೆಲಸ ಸಿಕ್ಕಿತು. ಪೆಟ್ಟಿಗೆಗಳನ್ನೆಲ್ಲ ಪೇರಿಸಿಟ್ಟ ದೊಡ್ಡ ತಗಡಿನ ಶೆಡ್ಡನ್ನು ಅಂಜಿನಕ್ಕನ ಸುಪರ್ದಿಗೆ ಬಿಟ್ಟರು. ಹೋದ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಳು, ನೆಲದೊಳಗಿನ ಕಲ್ಲಿನ ವಿದ್ಯೆ ಓದಿದವಳು. ಹೆಸರು ಗಂಗಾಂಬಿಕಾ. ಕೊಟ್ಟೂರಿನ ಶೇಂಗಾ ವ್ಯಾಪಾರದವರ ಮಗಳು. ಆ ಊರಲ್ಲದ ಊರಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ಅಂಜಿನಕ್ಕನಿಗೆ ತವರಿನವರು ಬಂದಷ್ಟಾಯಿತು. ದಿನಾ ಒಂದು ರೊಟ್ಟಿ ಹೆಚ್ಚಿಗೆ ತಟ್ಟುವಳು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಗಂಗಾಂಬಿಕಾ ಹಳೆಯ ಡೈರಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಶೆಡ್ಡಿಗೆ ಬಂದಳು. ಏಳನೇ ಬೋರಿನ ಪೆಟ್ಟಿಗೆಗಳನ್ನು ಇಳಿಸಿಕೊಂಡು ಅವುಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಬೋರು ಹಾಕಿದ ದಿನ ಕಟ್ಟೆಯ ಮೇಲೆ ಬರೆದ ಡೈರಿ ಅದು. ನಲವತ್ತು ಮೀಟರಿನ ಕೆಳಗೆ ಮಿಷನ್ನು ತಟಕ್ಕನೆ ಇಳಿಯಿತು, ಕೊರೆಯುವಾಗ ಕೊಳವೆಗೆ ಬಿಟ್ಟ ನೀರು ಮೇಲೆ ವಾಪಸು ಬರಲಿಲ್ಲ ಎಂದು ಅದರಲ್ಲಿ ಬರೆದಿತ್ತಂತೆ. ಪೆಟ್ಟಿಗೆಯಲ್ಲಿ ನೋಡಿದರೆ ಅದೇ ಜಾಗದಲ್ಲಿ ಒಡಕಿಲ್ಲದ ಕಲ್ಲು. ಎರಡೂ ನಿಜವಾಗಲು ಸಾಧ್ಯವಿಲ್ಲ.

"ಅಕ್ಕಾ, ಈ ಪೆಟ್ಟಿಗಿ ಜೋಡ್ಸಿದ್ದು ಯಾರು, ನೆಪ್ಪೈತೇನು?" ಎಂದು ಕೇಳಿದಳು.

"ಆವಾಗ ಬಾಳ ಮಂದಿ ಇದ್ರು ತಾಯಿ," ಎಂದಳು ಅಂಜಿನಕ್ಕ. ಯಾಕೆ ಹಾಗೆ ಅಂದಳೋ ಅವಳಿಗೇ ತಿಳಿಯಲಿಲ್ಲ. ಮಾತು ತಪ್ಪಿಸಲು ಪಕ್ಕದ ಒಂಬತ್ತನೇ ಬೋರಿನ ಪೆಟ್ಟಿಗೆ ತೋರಿಸಿ, ಈ ಹೊಲಸು ಮಣ್ಣನ್ನು ಯಾಕೆ ಇಷ್ಟು ವರ್ಷ ಕಾದಿಟ್ಟಿದ್ದಾರೆ ಎಂದು ಕೇಳಿದಳು.

ಗಂಗಾಂಬಿಕಾ ನಕ್ಕಳು. ಆ ಮಣ್ಣಿಗಾಗಿಯೇ ಇಷ್ಟೆಲ್ಲ ಬೋರು ಹಾಕಿದ್ದು ಎಂದಳು. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಚಿತ್ರ ಬರೆದು ಹೇಳತೊಡಗಿದಳು. ಸಮುದ್ರದ ಕೆಳಗಿನ ಸುರಂಗ ಎಂದರೆ ಈ ದಂಡೆಯಿಂದ ಆ ದಂಡೆಗೆ ಗೆರೆ ಎಳೆದು ಕೊರೆಯುವುದಲ್ಲ. ಎಲ್ಲಿ ಹೋಗಬೇಕೆಂದು ಕಲ್ಲು ಹೇಳಬೇಕು. ಹಿಂದೆ ಎಂದೋ ಸಮುದ್ರ ಕೆಳಗಿದ್ದಾಗ ಇಲ್ಲೊಂದು ಹಳ್ಳ ಹರಿದು ಕಣಿವೆ ಕೊರೆದಿದೆ, ಈಗ ಅದರ ತುಂಬ ಕೆಸರು. ಸುರಂಗ ಆ ಕೆಸರಿನ ಕೆಳಗೆ ನುಸುಳಬೇಕು, ತಲೆಯ ಮೇಲೆ ಸಾಕಷ್ಟು ದಪ್ಪ ಕಲ್ಲಿನ ಮಾಳಿಗೆ ಉಳಿಸಿಕೊಳ್ಳಬೇಕು. ಹಾಗೆಂದು ಪಾತಾಳಕ್ಕೆ ಇಳಿಯಲೂ ಆಗದು, ಗಾಡಿಗಳು ಇಳಿದು ಮತ್ತೆ ಹತ್ತಬೇಕಲ್ಲ. ಇಳಿದಷ್ಟೂ ಸುರಂಗ ಉದ್ದವಾಗುತ್ತದೆ. ಅದಕ್ಕೇ ಕಲ್ಲು ಗಟ್ಟಿ ಇರುವಲ್ಲಿ ಮಾಳಿಗೆ ತೆಳ್ಳಗೆ ಬಿಟ್ಟು ಸುರಂಗವನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತಾರೆ. ಕಲ್ಲು ಮುರಿದಿರುವಲ್ಲಿ ಆಳಕ್ಕೆ ಇಳಿಸುತ್ತಾರೆ, ಮುರಿದ ಪಟ್ಟಿಯನ್ನು ಅಡ್ಡಲಾಗಿ ಹಾದು ಬೇಗ ಆಚೆ ಹೋಗುತ್ತಾರೆ. ಹೋಗುವ ಮೊದಲೇ ಮುಂದಕ್ಕೆ ಉದ್ದನೆಯ ತೂತು ಹಾಕಿ ನೋಡಿ, ಸಿಮೆಂಟಿನ ಹಾಲು ಒತ್ತಿ ತುಂಬಿ, ಅದು ಗಟ್ಟಿಯಾದ ಮೇಲೆ ಕೊರೆಯುತ್ತಾರೆ.

ಅಂಜಿನಕ್ಕ ಒಂಬತ್ತನೇ ಪೆಟ್ಟಿಗೆಯ ಜೇಡಿಯನ್ನು ಬೆರಳಲ್ಲಿ ಮುಟ್ಟಿದಳು. ಅದೇ ಬೂದು ಬಣ್ಣ, ಅದೇ ಹುರಿಗಡಲೆಯಂಥ ಚೂರು.

"ಇದು ಮಿಷನ್ ಅರದದ್ದಲ್ಲೇನು?" ಎಂದಳು.

"ಅಲ್ಲಕ್ಕಾ. ಇದು ಭೂಮಿನೇ ಅರದದ್ದು. ಎಂದೋ ನೆಲ ಸರದಾಗ ಎರಡು ಬಂಡೆಗಲ್ಲು ಒಂದಕ್ಕೊಂದು ತಿಕ್ಕಿ ಹಿಟ್ಟಾಗ್ಯಾವು. ಇದರಗುಂಟನೇ ನೀರು ಇಳಿಯೋದು. ನಮ್ಮೂರಾಗ ಬಾವ್ಯಾಗ ಸೆಲಿ ಒಡದ್ರ ಬಾವಿ ತುಂಬಿ ನಿಂತ್ಕೊಂತೈತಿ. ಇಲ್ಲಿ ಸೆಲಿ ಒಡದ್ರ ಸಮುದ್ರ ಮುಗಿಯೋತನಕ ಬರ್ತೈತಿ."

ಅಂಜಿನಕ್ಕ ಜೇಡಿಯಿಂದ ಬೆರಳು ಹಿಂದಕ್ಕೆ ಎಳೆದುಕೊಂಡಳು. ಅವಳ ತವರಿನಲ್ಲಿ ಬಾವಿ ತೋಡುವಾಗ ಹೀಗೆ ಒದ್ದೆ ಜೇಡಿ ಕಂಡ ದಿನ ಅವಳ ತಾಯಿ ಎರ್ರಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಓಣಿಗೆಲ್ಲ ಬೆಲ್ಲ ಹಂಚಿದ್ದಳು. ನೀರು ಬಂತೆಂದು ಅಳುವಷ್ಟು ಸಂತೋಷಪಡುವ ಊರಿನಿಂದ ಬಂದವಳಿಗೆ, ನೀರು ಬಂದರೆ ಸಾವು ಎನ್ನುವುದು ತಲೆಯೊಳಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಒಂದೇ ಮಾತು ಕೇಳಿದಳು. ಏಳನೇ ಬೋರಿನ ಹತ್ತಿರ ಸುರಂಗ ಹೇಗೆ ಹೋಗುತ್ತದೆ?

ಗಂಗಾಂಬಿಕಾ ಹೇಳಿದಳು. ಈ ಪೆಟ್ಟಿಗೆಯನ್ನು ನಂಬಿಯೇ ಅಲ್ಲಿ ಸುರಂಗವನ್ನು ಮೇಲಕ್ಕೆ ಎತ್ತಿದ್ದಾರೆ. ಕಲ್ಲು ಗಟ್ಟಿ ಎಂದು ಮುಂದಕ್ಕೆ ತೂತು ಹಾಕಿ ನೋಡುವುದನ್ನೂ ಅಲ್ಲಿ ಕಡಿಮೆ ಮಾಡಿದ್ದಾರೆ. ಕೊರೆಯುವ ತುದಿಯಿಂದ ಆ ಜಾಗಕ್ಕೆ ಇನ್ನು ಹದಿನಾರು ಮೀಟರು. ಇಷ್ಟು ಹೇಳಿ, ಮತ್ತೆ ಡೈರಿ ನೋಡುತ್ತ ಆಫೀಸಿನ ಕಡೆ ಹೋದಳು.

ಮಧ್ಯಾಹ್ನದ ಶಿಫ್ಟಿಗೆ ಹೋಗುವ ಮೊದಲು ಪಾಲಾಕ್ಷಪ್ಪ ಶೆಡ್ಡಿನ ಹಿಂದೆ ಊಟಕ್ಕೆ ಕೂತಿದ್ದ. ಅಂಜಿನಕ್ಕ ಒಂದೂ ಬಿಡದೆ ಎಲ್ಲ ಹೇಳಿದಳು. ಆ ಜೇಡಿ ತಾನು ಅರೆದದ್ದಲ್ಲ ಎನ್ನುವುದನ್ನೇ ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ನಾಚಿಕೆ ಸುಳ್ಳು ಎಂದು ತಿಳಿದಾಗ ಒಂದು ಗಳಿಗೆ ಅವನ ಮುಖ ತಿಳಿಯಾಯಿತು. ಮರುಗಳಿಗೆಗೆ ಉಳಿದದ್ದು ಹೊಳೆದು ಬಿಳಿಚಿಕೊಂಡಿತು.

ಈಗಲೇ ಹೋಗಿ ಹೇಳೋಣ ಎಂದಳು ಅವಳು. ಅವನು ತಲೆ ಅಲ್ಲಾಡಿಸಿದ.

"ಬ್ಯಾಡ. ಮಿಷನ್ ಮ್ಯಾಲೆ ನಾನ ಇರ್ತೀನಲ್ಲ, ಕಲ್ಲು ಮೆತ್ತಗಾದ್ರ ನನ್ನ ಕೈಗೇ ಗೊತ್ತಾಗ್ತೈತಿ. ಆವಾಗ ನಿಂದ್ರಸ್ತೀನಿ. ಪಾಲಾಕ್ಷಪ್ಪ ಕಳ್ಳಪೆಟ್ಟಿಗಿ ಮಾಡ್ಯಾನ ಅಂತ ಆ ಮೈಲಾರೇಶನ ಬಾಯಾಗ ಬೀಳಬೇಕೇನು ನಾನು?"

ಕೈ ತೊಳೆದು, ಹೆಲ್ಮೆಟ್ ತಲೆಗಿಟ್ಟುಕೊಂಡು ಹೊರಟೇಹೋದ. ಸುರಂಗದ ಬಾಯಿಯ ಕಡೆ ನಡೆಯುವ ಅವನ ಬೆನ್ನು ನೋಡುತ್ತ ಅವಳು ನಿಂತಳು. ಒಳಗೆ ಅವನೊಬ್ಬನೇ ಇರುವುದಿಲ್ಲ, ಮೈಲಾರೇಶನೂ ಸೇರಿ ಹನ್ನೊಂದು ಜನ. ಗಂಡನ ಮಾತಿಗೆ ಎದುರಾಡಿ ಅವಳಿಗೆ ಗೊತ್ತಿರಲಿಲ್ಲ. ಅವನ ಹೆಸರು ಕೆಟ್ಟರೆ ಅವನು ಉಣ್ಣುವುದನ್ನು ಬಿಟ್ಟಾನು, ತನ್ನ ಮುಖ ನೋಡುವುದನ್ನೂ ಬಿಟ್ಟಾನು ಎಂದು ಗೊತ್ತಿತ್ತು. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿದಿತ್ತು. ಅದನ್ನು ಎತ್ತಿಡಲೂ ನಿಲ್ಲದೆ ಅವಳು ಆಫೀಸಿನ ಕಡೆ ಓಡಿದಳು.

ಗಂಗಾಂಬಿಕಾಳ ಮುಂದೆ ನಿಂತಾಗ ಏದುಸಿರು ಬಿಡುತ್ತಿದ್ದಳು.

"ಆ ಪೆಟ್ಟಿಗಿ ಜೋಡ್ಸಿದಾಕಿ ನಾನ ತಾಯಿ. ಅದರಾಗ ಜೇಡಿ ಇತ್ತು, ತೊಳ್ದು ಚೆಲ್ಲೀನಿ. ಅಲ್ಲಿ ಇರೋ ಕಲ್ಲು ಆ ಬೋರಿಂದಲ್ಲ."

ಗಂಗಾಂಬಿಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಂಜಿನಕ್ಕನಿಗೆ ಆಮೇಲೆ ಅನ್ನಿಸಿತು. ಆ ಹುಡುಗಿ ಬಾಯಿ ತೆರೆದುಕೊಂಡೇ ಅವಳನ್ನು ನೋಡಿದಳು. ಜೇಡಿ ಎಷ್ಟು ಉದ್ದ ಇತ್ತು ಎಂದು ಒಂದೇ ಮಾತು ಕೇಳಿ, ಉತ್ತರ ಕೇಳುವಷ್ಟರಲ್ಲಿ ಫೋನು ಕಿವಿಗೆ ಹಿಡಿದಿದ್ದಳು. ಮುರಿದ ಪಟ್ಟಿ ನೆಟ್ಟಗೆ ನಿಂತ ಗೋಡೆಯ ಹಾಗಿರಬೇಕೆಂದಿಲ್ಲ, ಒರಗಿಟ್ಟ ಏಣಿಯ ಹಾಗೆ ನಮ್ಮ ಕಡೆಗೇ ವಾಲಿದ್ದರೆ ಹದಿನಾರು ಮೀಟರೂ ಇರುವುದಿಲ್ಲ ಎಂದು ಅವಳು ಫೋನಿನಲ್ಲಿ ಹೇಳುತ್ತಿದ್ದುದು ಅಂಜಿನಕ್ಕನಿಗೆ ಕೇಳಿಸಿತು.

ಸಾಯಂಕಾಲ ಹಾರಿಸಬೇಕಿದ್ದ ಮದ್ದನ್ನು ನಿಲ್ಲಿಸಿದರು. ಬೇಕಾದ ಮೂವರನ್ನು ಬಿಟ್ಟು ಉಳಿದವರನ್ನು ಹೊರಗೆ ಕಳಿಸಿದರು. ಆ ಮೂವರಲ್ಲಿ ಪಾಲಾಕ್ಷಪ್ಪ ಒಬ್ಬ, ಏಕೆಂದರೆ ಮಿಷನ್ ಅವನದು. ಮುಂದೆ ಏನಿದೆ ನೋಡಲು, ನೀರು ನುಗ್ಗಿದರೆ ಮುಚ್ಚಲೆಂದು ಬಾಯಿಗೆ ಕವಾಟ ಕೂಡಿಸಿದ ಕೊಳವೆಯೊಳಗಿನಿಂದ ಒಂದು ತೂತು ಹಾಕಬೇಕಿತ್ತು. ಅಂಜಿನಕ್ಕ ಸುರಂಗದ ಬಾಯಿಯ ಹತ್ತಿರ ನಿಂತಳು. ಹೊರಗೆ ಬಂದವರೆಲ್ಲ ಏನಾಯಿತು ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಮೈಲಾರೇಶ ಅವಳ ಹತ್ತಿರ ಬಂದು ಕೇಳಿದ. ಅವಳು ಸುರಂಗದ ಬಾಯಿಗೆ ಇನ್ನೂ ಎರಡು ಹೆಜ್ಜೆ ಹತ್ತಿರ ಸರಿದಳು.

ಒಂದೂವರೆ ತಾಸಿನ ಮೇಲೆ ಒಳಗಿನ ಜೀಪು ಹೊರಗೆ ಬಂತು. ಅದರಿಂದ ಇಳಿದವನನ್ನು ಅವಳು ಮೊದಲು ಗುರುತಿಸಲೇ ಇಲ್ಲ. ತಲೆಯಿಂದ ಕಾಲಿನ ತನಕ ಬೂದು ಜೇಡಿ, ಕಣ್ಣೆರಡೇ ಕಾಣುತ್ತಿದ್ದವು. ಪಾಲಾಕ್ಷಪ್ಪ ನೆಲಕ್ಕೆ ಕೂತು, ಯಾರೋ ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದ. ನಾಲ್ಕು ಮೀಟರು ಉಕ್ಕಿನಂಥ ಕಲ್ಲು. ಅವನ ಕೈಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ತೂತು ಕೊರೆಯುವ ಕಂಬಿ ತಾನೇ ಮುಂದಕ್ಕೆ ಬಿತ್ತು. ಬಿದ್ದದ್ದು ಅಲ್ಲಿ ನಿಲ್ಲಲಿಲ್ಲ, ಆಚೆಯಿಂದ ಯಾರೋ ನೂಕಿದ ಹಾಗೆ ಅಷ್ಟೂ ಕಂಬಿ ಹಿಂದಕ್ಕೆ ಬಂತು. ಹಿಂದೆಯೇ ನೀರು ಹೆಬ್ಬಂಡೆಯ ಹಾಗೆ ಎದೆಗೆ ಬಡಿಯಿತು. ಮೂವರೂ ಸೇರಿ ಕವಾಟ ತಿರುಗಿಸಿ ಮುಚ್ಚುವಷ್ಟರಲ್ಲಿ ಮೊಣಕಾಲಿನ ತನಕ ನಿಂತಿತ್ತು. ಅಂಗೈ ಅಗಲದ ತೂತು ಅದು. ಸಾಯಂಕಾಲದ ಮದ್ದು ಹಾರಿಸಿದ್ದರೆ ಮೂರು ಮೀಟರು ಕಲ್ಲು ಬೀಳುತ್ತಿತ್ತು, ಉಳಿಯುತ್ತಿದ್ದುದು ಒಂದು.

"ಉಪ್ಪು," ಎಂದ, ತುಟಿ ಒರೆಸಿಕೊಳ್ಳುತ್ತ. "ಉಪ್ಪುಪ್ಪು ಐತಿ ನೀರು."

ಮೈಲಾರೇಶ ಹಿಂದಕ್ಕೆ ಸರಿದು ಗೋಡೆಗೆ ಒರಗಿಕೊಂಡ. ತೊಳೆದು ಚೆಲ್ಲಿದ ಮೂರು ಕೊಡ ನೀರು ಅಂಜಿನಕ್ಕನ ಕಣ್ಣ ಮುಂದೆ ಹರಿಯಿತು.

ಆಫೀಸಿನಲ್ಲಿ ದೊಡ್ಡ ಇಂಜಿನಿಯರು ಯಾರ ಕೆಲಸ ಇದು ಎಂದು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ಪಾಲಾಕ್ಷಪ್ಪ ಮುಂದೆ ಬಂದ. "ತೊಳಿ ಅಂದಾವ ನಾನ್ರಿ. ನನ್ನ ಮರ್ವಾದಿಗೆ ಅಂಜಿ ತೊಳಸೀನಿ," ಎಂದ. ಮೈಲಾರೇಶ ಬಾಗಿಲಲ್ಲೇ ನಿಂತಿದ್ದ, ಕೇಳಿಸಿಕೊಂಡ. ಇಬ್ಬರನ್ನೂ ಇವತ್ತೇ ಬಸ್ಸು ಹತ್ತಿಸಿ ಎಂದರು ಇಂಜಿನಿಯರು. ಪಾಲಾಕ್ಷಪ್ಪ ಸರಿ ಎಂದು ತಲೆ ತಗ್ಗಿಸಿದ. ಬಾಗಿಲ ತನಕ ಹೋದವನು ಏನೋ ಹೊಳೆದ ಹಾಗೆ ಗಕ್ಕನೆ ನಿಂತು ಹೆಂಡತಿಯ ಕಡೆ ತಿರುಗಿದ.

"ಲೇ, ಇನ್ನೂ ಎಷ್ಟು ಪೆಟ್ಟಿಗ್ಯಾಗ ಹಿಂಗ ಮಾಡೀಯ?"

ಅಂಜಿನಕ್ಕ ಹೌಹಾರಿದಳು. ಅಲ್ಲಿಯ ತನಕ ಅವಳ ತಲೆಯಲ್ಲಿದ್ದದ್ದು ಏಳನೆಯದೊಂದೇ. ಒಂದರಿಂದ ಏಳರ ತನಕ ಎಲ್ಲ ಬೋರೂ ಇವರ ಗುಂಪಿನವು. ಎಲ್ಲ ಪೆಟ್ಟಿಗೆಯೂ ಅವಳ ಕೈಯವು. ಎಲ್ಲದರಲ್ಲೂ ಅವಳು ತೊಳೆದಿದ್ದಳು. ಒಂದೂ ಕಡೆ ಮರದ ತುಂಡು ಇಟ್ಟವಳಲ್ಲ.

ಅವಳನ್ನು ಈಗ ಕಳಿಸಬೇಡಿ ಎಂದಳು ಗಂಗಾಂಬಿಕಾ. ಚೆಲ್ಲಿದ ಮಣ್ಣು ಎಲ್ಲಿಯೂ ಬರೆದಿಲ್ಲ, ಅದು ಇರುವುದು ಈಯಮ್ಮನ ತಲೆಯಲ್ಲೊಂದೇ.

ಎರಡು ದಿನ ಶೆಡ್ಡಿನಲ್ಲಿ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದರು. ಅಂಜಿನಕ್ಕ ಸಾಲಿನ ಮೇಲೆ ಬೆರಳಾಡಿಸುತ್ತ ಹೇಳುತ್ತ ಹೋದಳು. ಇಲ್ಲಿ ಒಂದು ಗೇಣು ಕೆಂಪು ಗರಸು ಇತ್ತು, ಆ ದಿನ ಗಾಳಿಗೆ ಕಟ್ಟೆ ತೂಗುತ್ತಿತ್ತು. ಇಲ್ಲಿ ಎರಡು ಬೆರಳು ಜೇಡಿ, ಹಸಿರು ಛಾಯೆ. ಈ ತುಂಡು ತಿರುಗುಮುರುಗು ಕೂತಿದೆ. ಇದು ಈ ಬೋರಿನದಲ್ಲ, ಎರಡನೆಯದು. ಅವಳು ಹೇಳಿದಲ್ಲೆಲ್ಲ ಗಂಗಾಂಬಿಕಾ ಕಲ್ಲು ತೆಗೆದು ಮರದ ತುಂಡು ಇಟ್ಟಳು. ಸುರಂಗದ ಮೇಲಿನ ಕಲ್ಲಿನ ಮಾಳಿಗೆಯ ನಕ್ಷೆಯನ್ನು ಅಳಿಸಿ ಬರೆದಳು. ಡೈರಿ ಇದ್ದ ಕಡೆ ತಾಳೆ ನೋಡಿದರೆ ಅವಳ ಮಾತು ಒಂದೂ ಹುಸಿ ಹೋಗಲಿಲ್ಲ. ಪಾಲಾಕ್ಷಪ್ಪ ಪೆಟ್ಟಿಗೆ ಎತ್ತಿ ಇಳಿಸುತ್ತಿದ್ದ. ಹೆಂಡತಿಯ ಮುಖ ನೋಡುತ್ತಿರಲಿಲ್ಲ, ಆದರೆ ಅವಳು ಕೊಟ್ಟ ರೊಟ್ಟಿ ತಿಂದ.

ಮೂರನೇ ಬೋರಿನ ಕೊನೆಯ ಪೆಟ್ಟಿಗೆಗೆ ಬಂದಾಗ ಅಂಜಿನಕ್ಕನ ಬೆರಳು ನಿಂತಿತು. ಬಗ್ಗಿ ನೋಡಿದಳು. ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಇಟ್ಟಳು. ಆ ವಾರ ಅವಳಿಗೆ ಜ್ವರ ಬಂದಿತ್ತು. ಕುಳಿತು ತೊಳೆದದ್ದು ಗೊತ್ತು, ಕೈಯಡಿ ಏನು ಹರಿದು ಹೋಯಿತೋ ಗೊತ್ತಿಲ್ಲ. ಡೈರಿಯಲ್ಲೂ ಆ ದಿನದ ಹಾಳೆ ಮಳೆಗೆ ನೆನೆದು ಅಕ್ಷರ ಅಳಿದಿದ್ದವು. ಗಂಡನ ಕಡೆ ನೋಡಿದಳು. ಅವನಿಗೂ ನೆನಪಿಲ್ಲ.

ಗಂಗಾಂಬಿಕಾ ಪೆನ್ನು ಹಿಡಿದು ಕಾಯುತ್ತಿದ್ದಳು. ಏನಾದರೊಂದು ಹೇಳಿಬಿಟ್ಟರೆ ಯಾರೂ ತಾಳೆ ನೋಡಲಾರರು ಎಂದು ಅಂಜಿನಕ್ಕನಿಗೆ ಗೊತ್ತಿತ್ತು. ಒಳ್ಳೆಯ ಕಲ್ಲೇ ಇತ್ತು ಎನ್ನಬಹುದಾಗಿತ್ತು.

"ಇಲ್ಲಿ ನನಗ ನೆಪ್ಪಿಲ್ಲ ತಾಯಿ," ಎಂದಳು.

ಕಲ್ಲಿನ ವಿಷಯದಲ್ಲಿ ಆ ಮಾತು ಹುಟ್ಟಿದಾಗಿನಿಂದ ಅವಳ ಬಾಯಿಂದ ಬಿದ್ದಿರಲಿಲ್ಲ. ಗಂಗಾಂಬಿಕಾ ಆ ಸಾಲಿನ ಕಲ್ಲುಗಳನ್ನೆಲ್ಲ ಮೇಲೆತ್ತಿ ಬದಿಗಿಟ್ಟಳು. ಪೆಟ್ಟಿಗೆಯಲ್ಲಿ ಮೂರು ಮೀಟರು ಖಾಲಿ ಬಿಟ್ಟಳು. ಆ ವಾರವೇ ತೇಲುವ ಕಟ್ಟೆಯನ್ನು, ಸುರಂಗ ಇನ್ನೂ ಮುಟ್ಟದ ಮೂರನೇ ಬೋರಿನ ಜಾಗಕ್ಕೆ ಮತ್ತೆ ಎಳೆದೊಯ್ದರು. ಅಲ್ಲಿ ಹೊಸ ಬೋರು ತಳ ಮುಟ್ಟುವ ತನಕ ಆ ಕಡೆ ಒಂದು ಅಡಿಯೂ ಸುರಂಗ ಕೊರೆಯಲಿಲ್ಲ.